ಮಣ್ಣಿನ ಬಣ್ಣವೇ ಪರೀಕ್ಷೆಯಲ್ಲ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಭರ್ತಿ ಮಣ್ಣನ್ನು ಕುರಿತು ಒಂದು ವಿಮರ್ಶೆ

ಮನೆ ಕಟ್ಟುವ ಮೊದಲು ತಯಾರಿಸುವ ಅಂದಾಜುಪಟ್ಟಿಯನ್ನು ನೀವು ಎಂದಾದರೂ ಓದಿದ್ದೀರಾ? ಸಿಮೆಂಟು ಯಾವ ದರ್ಜೆಯದು, ಕಬ್ಬಿಣದ ಸರಳು ಎಷ್ಟು ಮಿಲಿಮೀಟರಿನದು, ಜಲ್ಲಿ ಯಾವ ಗಾತ್ರದ್ದು, ಗಾರೆಯಲ್ಲಿ ಸಿಮೆಂಟಿಗೂ ಮರಳಿಗೂ ಪ್ರಮಾಣವೆಷ್ಟು ಎಂಬುದಕ್ಕೆಲ್ಲ ಅಲ್ಲಿ ಅಂಕಿಗಳಿರುತ್ತವೆ. ತಳಪಾಯದ ಗೋಡೆಗಳ ನಡುವೆ ಮಣ್ಣು ತುಂಬುವ ಸಾಲಿಗೆ ಬಂದಾಗ ಮಾತ್ರ ಅಂಕಿಗಳು ಮಾಯವಾಗಿ ಒಂದು ವಿಶೇಷಣ ಉಳಿಯುತ್ತದೆ: ‘ಒಳ್ಳೆಯ ಮಣ್ಣು ತಂದು ಭರ್ತಿ ಮಾಡುವುದು.’

ಒಳ್ಳೆಯದು ಎಂದರೆ ಏನು? ಮೇಸ್ತ್ರಿಯನ್ನು ಕೇಳಿದರೆ ‘ಕೆಂಪು ಮಣ್ಣು, ಗೊಚ್ಚು ಮಣ್ಣು’ ಎನ್ನುತ್ತಾರೆ. ಕೆಟ್ಟದ್ದು ಯಾವುದು ಎಂದರೆ ‘ಎರೆಮಣ್ಣು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಪೂರ್ತಿ ಸುಳ್ಳಲ್ಲ. ತಲೆಮಾರುಗಳ ಅನುಭವ ಅದರ ಹಿಂದಿದೆ. ಆದರೆ ಅನುಭವವು ‘ಕೆಂಪಾದರೆ ಸರಿ, ಕಪ್ಪಾದರೆ ತಪ್ಪು’ ಎಂಬ ಸೂತ್ರವಾಗಿ ಗಟ್ಟಿಯಾದಾಗ ಪರೀಕ್ಷೆ ಎಂಬುದೇ ನಿಂತುಹೋಗುತ್ತದೆ. ಟ್ರ್ಯಾಕ್ಟರಿನಲ್ಲಿ ಬಂದ ಮಣ್ಣಿನ ಬಣ್ಣ ನೋಡಿ ಒಪ್ಪಿಕೊಳ್ಳುವುದು, ಹಣ್ಣಿನ ಸಿಪ್ಪೆ ನೋಡಿ ರುಚಿ ಹೇಳಿದಂತೆ. ಈ ಲೇಖನದ ವಿಮರ್ಶೆ ಇರುವುದು ಆ ಸೂತ್ರದ ಮೇಲೆ, ಅದನ್ನು ಪ್ರಶ್ನಿಸದ ನಮ್ಮ ಅಂದಾಜುಪಟ್ಟಿಗಳ ಮೇಲೆ, ಮತ್ತು ಸ್ವಲ್ಪಮಟ್ಟಿಗೆ ಪ್ರಯೋಗಶಾಲೆಯ ಒಂದು ಜನಪ್ರಿಯ ಅಂಕಿಯ ಮೇಲೂ.

ಒಂದೇ ಇಳಿಜಾರು, ಎರಡು ಮಣ್ಣು

ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳು ಮಣ್ಣಿನ ಪಾಠಕ್ಕೆ ಹೇಳಿ ಮಾಡಿಸಿದ ಜಾಗ. ಒಂದು ಕಡೆ ಚಾರ್ನೊಕೈಟ್ ಶಿಲೆಯ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಹನೂರಿನಾಚೆ ಮಲೆ ಮಹದೇಶ್ವರ ಬೆಟ್ಟದ ಸಾಲು, ಉತ್ತರಕ್ಕೆ ಕಾವೇರಿ. ಬೆಟ್ಟದ ಬುಡದಲ್ಲಿ ಕಲ್ಲುಮಿಶ್ರಿತ ಕೆಂಪು ಮಣ್ಣು; ಸುವರ್ಣಾವತಿ ಹರಿಯುವ ಯಳಂದೂರಿನ ತಗ್ಗಿನ ಕಡೆಗೂ ಕೊಳ್ಳೇಗಾಲದ ಬಯಲಿಗೂ ಇಳಿದರೆ ಎರೆಹೊಲಗಳು ಎದುರಾಗುತ್ತವೆ.

ಎರೆಮಣ್ಣು ಎಂದೊಡನೆ ನಮಗೆ ಉತ್ತರ ಕರ್ನಾಟಕದ ಬಯಲು ನೆನಪಾಗುತ್ತದೆ. ಅಲ್ಲಿಯ ಎರೆಯಲ್ಲಿ ಬಹುಪಾಲು ಲಾವಾ ಶಿಲೆ ಶಿಥಿಲಗೊಂಡು ಆದದ್ದು. ಆದರೆ ಚಾಮರಾಜನಗರ ಜಿಲ್ಲೆಯಲ್ಲಿ ಅಂಥ ಲಾವಾ ಹಾಸು ಇಲ್ಲ. ಹಾಗಾದರೆ ಇಲ್ಲಿ ಕಪ್ಪು ಮಣ್ಣು ಬಂದದ್ದು ಎಲ್ಲಿಂದ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಇದೇ ಜಿಲ್ಲೆಯ ಬಂಡೀಪುರ ಅರಣ್ಯದ ಮೂಲೆಹೊಳೆಯಲ್ಲಿ, ಸುಮಾರು 4 ಚದರ ಕಿಲೋಮೀಟರಿನ ಒಂದು ಪುಟ್ಟ ಜಲಾನಯನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ಫ್ರಾನ್ಸಿನ ಸಂಶೋಧಕರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಬಹುತೇಕ ನೈಸ್ ಶಿಲೆಯೇ ಹಾಸಿರುವ ಆ ಇಳಿಜಾರುಗಳ ಹೆಚ್ಚಿನ ಭಾಗದಲ್ಲಿ ಕೆಂಪು ಮಣ್ಣಿದ್ದರೆ, ಕೆಲವು ಕಡೆ, ಮುಖ್ಯವಾಗಿ ತಗ್ಗಿನಲ್ಲಿ, ಕಪ್ಪು ಮಣ್ಣು ಕಂಡುಬಂದಿದೆ.

ಇದರ ಹಿಂದಿನ ರಸಾಯನ ಸರಳ. ಎತ್ತರದಲ್ಲಿ ಮಳೆನೀರು ಬೇಗ ಬಸಿದುಹೋಗುತ್ತದೆ. ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸಿಲಿಕಾಗಳನ್ನು ಕರಗಿಸಿಕೊಂಡು ಹೋಗುತ್ತದೆ. ಉಳಿದದ್ದರಿಂದ ಕೆಯೋಲಿನೈಟ್ ಎಂಬ ಜೇಡಿ ಖನಿಜವೂ ಕಬ್ಬಿಣದ ಆಕ್ಸೈಡೂ ಆಗುತ್ತವೆ. ತಗ್ಗಿನಲ್ಲಿ ನೀರು ನಿಧಾನವಾಗಿ ಸರಿಯುತ್ತದೆ. ಮೇಲಿಂದ ಬಂದ ಸಿಲಿಕಾ, ಕ್ಯಾಲ್ಸಿಯಂಗಳು ಅಲ್ಲಿ ನಿಲ್ಲುತ್ತವೆ. ಅಲ್ಲಿ ಹುಟ್ಟುವುದು ಮಾಂಟ್‌ಮೊರಿಲೊನೈಟ್ ಗುಂಪಿನ ಜೇಡಿ, ಅಂದರೆ ನೀರು ಹೀರಿ ಉಬ್ಬುವ ಜೇಡಿ.

ಈಗ ಪ್ರಶ್ನೆ: ಕೆಂಪು ಎಲ್ಲಿ ಮುಗಿಯುತ್ತದೆ, ಕಪ್ಪು ಎಲ್ಲಿ ಶುರುವಾಗುತ್ತದೆ? ನಡುವೆ ಗೆರೆಯೇನೂ ಇಲ್ಲ. ಇಳಿಜಾರಿನ ಮಧ್ಯದಲ್ಲಿ ಕಂದುಗೆಂಪಿನ ಮಣ್ಣಿರುತ್ತದೆ. ಅದರಲ್ಲಿ ಎರಡೂ ಬಗೆಯ ಜೇಡಿ ಬೆರೆತಿರಬಹುದು. ಕೆಂಪು ಬಣ್ಣ ಕೊಡುವುದು ಕಣಗಳ ಮೇಲಿರುವ ಕಬ್ಬಿಣದ ಆಕ್ಸೈಡಿನ ತೆಳುಲೇಪ. ಕೆಲವೇ ಶೇಕಡದಷ್ಟು ಆಕ್ಸೈಡು ಇಡೀ ಮಣ್ಣನ್ನು ಕೆಂಪಾಗಿಸಬಲ್ಲದು. ಲೇಪದ ಒಳಗೆ ಯಾವ ಜೇಡಿಯಿದೆ ಎಂಬುದನ್ನು ಬಣ್ಣ ಹೇಳಲಾರದು.

ಎದುರು ಉದಾಹರಣೆಯೂ ಇಲ್ಲೇ ಇದೆ. ಈ ಜಿಲ್ಲೆಯ ‘ಕಪ್ಪು ಗ್ರಾನೈಟ್’ ಹೆಸರಾದದ್ದು. ಆ ಕಲ್ಲನ್ನು ಒಡೆದಾಗ ಬರುವ ಪುಡಿ ಕಪ್ಪಗೆ ಇರುತ್ತದೆ. ಆದರೆ ಹೊಸದಾಗಿ ಒಡೆದ ಕಲ್ಲಿನ ಪುಡಿಯಲ್ಲಿ ಉಬ್ಬುವ ಜೇಡಿ ಇರುವುದಿಲ್ಲ. ಬಣ್ಣದ ಸೂತ್ರದಂತೆ ನಡೆದರೆ ಉಬ್ಬದ ಕಪ್ಪನ್ನು ಎಸೆದು, ಉಬ್ಬಬಹುದಾದ ಕಂದುಗೆಂಪನ್ನು ಮನೆಯೊಳಗೆ ತುಂಬಿದಂತಾಗುತ್ತದೆ.

ಎರಡು ಬಗೆಯ ಕೇಡು

ಭರ್ತಿ ಮಣ್ಣು ಗೋಡೆಯನ್ನು ಹೊರುವುದಿಲ್ಲ, ನೆಲವನ್ನು ಹೊರುತ್ತದೆ. ಆದ್ದರಿಂದ ಅದು ಕೆಟ್ಟಾಗ ಮನೆ ಬೀಳುವುದಿಲ್ಲ. ನೆಲ ಬಿರಿಯುತ್ತದೆ, ಹಾಸುಗಲ್ಲು ಅಲುಗುತ್ತದೆ, ಬಾಗಿಲು ನೆಲಕ್ಕೆ ತಾಗುತ್ತದೆ, ಗೋಡೆಗೂ ನೆಲಕ್ಕೂ ನಡುವೆ ಸಂದು ಬಿಡುತ್ತದೆ. ಮನೆ ಬೀಳದ ಕಾರಣಕ್ಕೇ ಯಾರೂ ಇದನ್ನು ವಿಜ್ಞಾನದ ವಿಷಯವೆಂದು ಎಣಿಸುವುದಿಲ್ಲ. ‘ಟೈಲ್ಸ್ ಸರಿಯಿಲ್ಲ’ ಎಂದು ಅಂಗಡಿಯವರನ್ನು ಬಯ್ಯುತ್ತೇವೆ.

ಕೇಡು ಎರಡು ಬಗೆಯದು. ಮೊದಲನೆಯದು ಉಬ್ಬುವಿಕೆ. ಮಾಂಟ್‌ಮೊರಿಲೊನೈಟಿನ ಹರಳು ಹಾಳೆಗಳ ಕಟ್ಟಿನಂತಿದೆ. ಹಾಳೆಗಳ ನಡುವಿನ ಬಂಧ ದುರ್ಬಲ. ನೀರಿನ ಅಣುಗಳು ನುಸುಳಿ ಹಾಳೆಗಳನ್ನು ದೂರ ಸರಿಸುತ್ತವೆ. ಕೆಯೋಲಿನೈಟಿನಲ್ಲಿ ಹಾಳೆಗಳನ್ನು ಹೈಡ್ರೊಜನ್ ಬಂಧ ಬಿಗಿಯಾಗಿ ಹಿಡಿದಿರುವುದರಿಂದ ಆ ನುಸುಳುವಿಕೆ ನಡೆಯದು. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವ ಈ ಆಟ ವರ್ಷ ವರ್ಷವೂ ನೆಲದಡಿಯಲ್ಲಿ ನಡೆಯುತ್ತದೆ.

ಎರಡನೆಯದು ಕುಸಿತ. ಇದು ‘ಒಳ್ಳೆಯ’ ಕೆಂಪು ಮಣ್ಣಿನಲ್ಲಿಯೂ ಆಗುತ್ತದೆ ಎಂಬುದನ್ನು ಗಮನಿಸಿ. ಏಪ್ರಿಲ್ ಬಿಸಿಲಿನಲ್ಲಿ ಒಣ ಹೆಂಟೆಗಳನ್ನು ಸುರಿದು ಮೇಲೆ ಸಮ ಮಾಡಿದರೆ ಹೆಂಟೆಗಳ ನಡುವೆ ಗಾಳಿಯ ಸಂದುಗಳು ಉಳಿಯುತ್ತವೆ. ಒಣಗಿರುವಷ್ಟು ಕಾಲ ಹೆಂಟೆಗಳು ಕಲ್ಲಿನಂತೆ ಭಾರ ಹೊರುತ್ತವೆ. ಎಂದೋ ಒಮ್ಮೆ ಕೊಳಾಯಿ ಸೋರಿ ಅಥವಾ ಮಳೆನೀರು ನುಗ್ಗಿ ನೆನೆದಾಗ ಹೆಂಟೆಗಳು ಕರಗಿ ಸಂದುಗಳೊಳಗೆ ಇಳಿಯುತ್ತವೆ, ನೆಲ ಕೂರುತ್ತದೆ. 2018 ಮತ್ತು 2019ರ ಮಳೆಗಾಲಗಳಲ್ಲಿ ಕಾವೇರಿ ಉಕ್ಕಿ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು ಮೊದಲಾದ ಹೊಳೆದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ಇಂಥ ಊರುಗಳಲ್ಲಿ ನೆರೆಗೆ ಅಂಜಿ ತಳಪಾಯ ಎತ್ತರಿಸುವುದು ಸರಿಯಾದ ಕ್ರಮ. ಆದರೆ ಎತ್ತರ ಹೆಚ್ಚಿದಷ್ಟೂ ಭರ್ತಿ ಹೆಚ್ಚು. ಭರ್ತಿ ಹೆಚ್ಚಿದಷ್ಟೂ ನೆನೆದಾಗ ಕೂರುವ ಆಳವೂ ಹೆಚ್ಚು. ಮಣ್ಣನ್ನು ಪರೀಕ್ಷಿಸದೆ, ದಮ್ಮಸು ಮಾಡದೆ ಎತ್ತರವನ್ನಷ್ಟೇ ನಂಬುವುದು ಅರ್ಧ ರಕ್ಷಣೆ.

ಅಂಕಿಗಳು ಇಲ್ಲವೆಂದಲ್ಲ

‘ಒಳ್ಳೆಯ ಮಣ್ಣು’ ಎಂದು ಬರೆಯುವವರಿಗೆ ಬಳಸಲು ಅಂಕಿಗಳೇ ಇಲ್ಲ ಎಂದುಕೊಳ್ಳಬೇಡಿ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಗಳಲ್ಲಿ ರಸ್ತೆಯ ಏರಿಗೆ ಯಾವ ಮಣ್ಣು ಸಲ್ಲದು ಎಂಬುದು ಸ್ಪಷ್ಟವಾಗಿದೆ: ಜೌಗು ನೆಲದ ಮಣ್ಣು, ಮರದ ಬೊಡ್ಡೆ ಮತ್ತು ಕೊಳೆಯುವ ವಸ್ತು ಇರುವ ಮಣ್ಣು, ದ್ರವ ಮಿತಿ 70ನ್ನೂ ಸುನಮ್ಯತಾ ಸೂಚ್ಯಂಕ 45ನ್ನೂ ಮೀರಿದ ಜೇಡಿ, ಮುಕ್ತ ಉಬ್ಬು ಸೂಚ್ಯಂಕ ಶೇಕಡ 50ನ್ನು ಮೀರಿದ ಮಣ್ಣು. ಮನೆಯ ತಳಪಾಯದ ಭರ್ತಿಯನ್ನು ಕೇಂದ್ರ ಲೋಕೋಪಯೋಗಿ ಇಲಾಖೆಯ ನಿರ್ದಿಷ್ಟತೆ 20 ಸೆಂಟಿಮೀಟರ್ ಮೀರದ ಪದರಗಳಲ್ಲಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ದಮ್ಮಸು ಮಾಡುತ್ತ ತುಂಬಬೇಕೆನ್ನುತ್ತದೆ. ಪರೀಕ್ಷಾ ವಿಧಾನಗಳಿಗೆ ಭಾರತೀಯ ಮಾನಕ ಐ.ಎಸ್. 2720ರ ಹಲವು ಭಾಗಗಳಿವೆ.

ಹೆದ್ದಾರಿಗೆ ಇಷ್ಟು ಕಟ್ಟುನಿಟ್ಟು, ಬದುಕಿನ ಉಳಿತಾಯವನ್ನೆಲ್ಲ ಸುರಿದು ಕಟ್ಟುವ ಮನೆಗೆ ಒಂದು ವಿಶೇಷಣ ಸಾಕು ಎಂಬುದು ವಿಚಿತ್ರವಲ್ಲವೆ? ರಸ್ತೆಯ ಅಂಕಿಗಳು ಮನೆಗೆ ಕಾನೂನಿನಂತೆ ಅನ್ವಯಿಸುವುದಿಲ್ಲ, ನಿಜ. ಆದರೆ ಅಳತೆಗೋಲಾಗಿ ಅವನ್ನು ಎರವಲು ಪಡೆಯಲು ಯಾವ ಅಡ್ಡಿಯೂ ಇಲ್ಲ.

ಶಾಲೆಯಲ್ಲಿಯೇ ಮಾಡಬಹುದಾದ ಮೂರು ಪರೀಕ್ಷೆಗಳು

ಮೊದಲನೆಯದು ಬಾಟಲಿ ಪರೀಕ್ಷೆ. ಗಾಜಿನ ಉದ್ದನೆಯ ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಪುಡಿಮಾಡಿದ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಸ್ಟೋಕ್ಸ್ ನಿಯಮದಂತೆ ಲೆಕ್ಕ ಹಾಕಿದರೆ 0.05 ಮಿ.ಮೀ. ವ್ಯಾಸದ ಕಣ 10 ಸೆಂ.ಮೀ. ಇಳಿಯಲು ಸುಮಾರು 40 ಸೆಕೆಂಡು ಬೇಕು, 0.002 ಮಿ.ಮೀ. ಕಣಕ್ಕೆ ಸುಮಾರು 7 ಗಂಟೆ ಬೇಕು. ಆದ್ದರಿಂದ ಒಂದು ನಿಮಿಷದೊಳಗೆ ತಳ ಸೇರಿದ್ದು ಮರಳು, ಗಂಟೆಗಳಲ್ಲಿ ಸೇರಿದ್ದು ಹೂಳು, ಮರುದಿನವೂ ನೀರನ್ನು ರಾಡಿಯಾಗಿಟ್ಟದ್ದು ಜೇಡಿ. ಪದರಗಳನ್ನು ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ಮೇಲೆ ತೇಲಿದ ಬೇರು, ಹೊಟ್ಟು, ಪ್ಲಾಸ್ಟಿಕ್ ಚೂರುಗಳನ್ನೂ ಬಿಡದೆ ಬರೆಯಿರಿ.

ಎರಡನೆಯದು ಹೊಸೆಯುವ ಪರೀಕ್ಷೆ. ನುಣುಪು ಮಣ್ಣನ್ನು ಹಿಟ್ಟಿನಂತೆ ಕಲಸಿ, ಗಾಜಿನ ಮೇಲೆ ಅಂಗೈಯಿಂದ ಹೊಸೆದು 3 ಮಿ.ಮೀ. ದಪ್ಪದ ದಾರ ಮಾಡಿ. ದಾರ ಆಗುವ ಮೊದಲೇ ಮಣ್ಣು ಪುಡಿಯಾದರೆ ಅದರಲ್ಲಿ ಜೇಡಿ ಕಡಿಮೆ, ಇಲ್ಲವೇ ನೀರು ಕಡಿಮೆ. ನೀರು ಸೇರಿಸಿ ಮತ್ತೆ ನೋಡಿ. ದಾರವನ್ನು ಮುದ್ದೆ ಮಾಡಿ ಮತ್ತೆ ಮತ್ತೆ ಹೊಸೆಯುತ್ತ ಹೋದಂತೆ ತೇವ ಆರುತ್ತದೆ. ಸರಿಯಾಗಿ 3 ಮಿ.ಮೀ.ಗೆ ಬಂದಾಗ ಬಿರಿಯತೊಡಗುವ ತೇವಾಂಶವೇ ಸುನಮ್ಯ ಮಿತಿ. ದ್ರವ ಮಿತಿಯಿಂದ ಇದನ್ನು ಕಳೆದರೆ ಸುನಮ್ಯತಾ ಸೂಚ್ಯಂಕ ಸಿಗುತ್ತದೆ. ದ್ರವ ಮಿತಿಗೆ ಪಾಲಿಟೆಕ್ನಿಕ್ಕಿನ ಉಪಕರಣ ಬೇಕು.

ಮೂರನೆಯದು ಮುಕ್ತ ಉಬ್ಬು ಪರೀಕ್ಷೆ, ಐ.ಎಸ್. 2720ರ 40ನೆಯ ಭಾಗದಲ್ಲಿರುವುದು. ಮಣ್ಣನ್ನು ಒಲೆಯಲ್ಲಿ ಒಣಗಿಸಿ, 425 ಮೈಕ್ರಾನ್ ಜರಡಿಯಲ್ಲಿ ಜರಡಿ ಹಿಡಿದು, 10 ಗ್ರಾಮಿನ ಎರಡು ಪಾಲು ಮಾಡಿ. 100 ಮಿ.ಲೀ. ಅಳತೆಯ ಎರಡು ಗಾಜಿನ ಕೊಳವೆಗಳಲ್ಲಿ ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಒಂದೊಂದು ಪಾಲು ಮಣ್ಣು ಹಾಕಿ ಕಲಕಿ, ಗಾಳಿಗುಳ್ಳೆ ಹೋಗಲಾಡಿಸಿ, 24 ಗಂಟೆ ಬಿಡಿ. ಸೀಮೆಎಣ್ಣೆಯನ್ನು ಬರ್ನರಿನಿಂದ ದೂರವಿಡುವುದನ್ನು ಮರೆಯಬೇಡಿ. ನೀರಿನಲ್ಲಿನ ಗಾತ್ರದಿಂದ ಸೀಮೆಎಣ್ಣೆಯಲ್ಲಿನ ಗಾತ್ರವನ್ನು ಕಳೆದು, ಬಂದದ್ದನ್ನು ಸೀಮೆಎಣ್ಣೆಯಲ್ಲಿನ ಗಾತ್ರದಿಂದ ಭಾಗಿಸಿ, 100ರಿಂದ ಗುಣಿಸಿ. ಇದೇ ಮುಕ್ತ ಉಬ್ಬು ಸೂಚ್ಯಂಕ. ಸೀಮೆಎಣ್ಣೆ ಧ್ರುವೀಯ ದ್ರವವಲ್ಲವಾದ್ದರಿಂದ ಅದರಲ್ಲಿ ಜೇಡಿ ಉಬ್ಬುವುದಿಲ್ಲ ಎಂಬುದು ಈ ಹೋಲಿಕೆಯ ಆಧಾರ.

ಲೆಕ್ಕಕ್ಕಾಗಿ ಒಂದು ಉದಾಹರಣೆ ನೋಡೋಣ. ಎರೆಮಣ್ಣಿನ ಒಂದು ಮಾದರಿ ಸೀಮೆಎಣ್ಣೆಯಲ್ಲಿ 11, ನೀರಿನಲ್ಲಿ 20 ಮಿ.ಲೀ. ನಿಂತರೆ ಸೂಚ್ಯಂಕ ಸುಮಾರು 82. ಐವತ್ತನ್ನು ದಾಟಿತು, ಭರ್ತಿಗೆ ಬೇಡ. ಇಲ್ಲಿಯವರೆಗೆ ಎಲ್ಲವೂ ಸರಿ.

ಅಂಕಿಯನ್ನೂ ಪ್ರಶ್ನಿಸಿ

ಈಗ ಕೆಂಪು ಮಣ್ಣಿನ ಮಾದರಿ ತೆಗೆದುಕೊಳ್ಳಿ. ಸೀಮೆಎಣ್ಣೆಯಲ್ಲಿ 12, ನೀರಿನಲ್ಲಿ 11 ಮಿ.ಲೀ. ಎಂದಿಟ್ಟುಕೊಳ್ಳೋಣ. ಸೂಚ್ಯಂಕ ಸುಮಾರು ಋಣ 8! ಮಣ್ಣು ಉಬ್ಬಲಿಲ್ಲವೆಂದರೆ ಸೊನ್ನೆ ಬರಬೇಕಿತ್ತು. ಸೊನ್ನೆಗಿಂತ ಕಡಿಮೆ ಉಬ್ಬುವುದೆಂದರೇನು? ವಿದ್ಯಾರ್ಥಿ ತಾನೇ ತಪ್ಪಿದೆನೆಂದು ಅಂಕಿಯನ್ನು ತಿದ್ದಿ ಸೊನ್ನೆ ಬರೆಯುವ ಅಪಾಯ ಇಲ್ಲಿದೆ. ತಿದ್ದಬಾರದು. ತಪ್ಪಿರುವುದು ವಿದ್ಯಾರ್ಥಿಯಲ್ಲಲ್ಲ, ಸೂಚ್ಯಂಕದ ಕಲ್ಪನೆಯಲ್ಲಿ.

ಕೆಯೋಲಿನೈಟ್ ಹೆಚ್ಚಿರುವ ಮಣ್ಣಿನ ಕಣಗಳು ಸೀಮೆಎಣ್ಣೆಯಲ್ಲಿ ಒಂದಕ್ಕೊಂದು ಅಡ್ಡಾದಿಡ್ಡಿ ಅಂಟಿಕೊಂಡು ಸಡಿಲವಾದ ಗೊಂಚಲುಗಳಾಗುತ್ತವೆ. ಆದ್ದರಿಂದ ಹೆಚ್ಚು ಜಾಗ ಹಿಡಿಯುತ್ತವೆ. ಅಂದರೆ ಹೋಲಿಕೆಗೆಂದು ಇಟ್ಟ ಕೊಳವೆಯೇ ಸ್ಥಿರವಾಗಿಲ್ಲ. ಈ ದೋಷವನ್ನು ಎತ್ತಿ ತೋರಿಸಿದವರಲ್ಲಿ ಮುಖ್ಯರು ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಎ. ಶ್ರೀಧರನ್. ಅವರು ಮತ್ತು ಸಹೋದ್ಯೋಗಿಗಳು 1985ರಲ್ಲಿಯೇ ಈ ಸೂಚ್ಯಂಕದ ವ್ಯಾಖ್ಯೆ ಬದಲಾಗಬೇಕೆಂದು ವಾದಿಸಿದರು. ಮುಂದೆ 2000ದಲ್ಲಿ ಶ್ರೀಧರನ್ ಮತ್ತು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನ ಕೆ. ಪ್ರಕಾಶ್ ‘ಮುಕ್ತ ಉಬ್ಬು ಅನುಪಾತ’ವನ್ನು ಮುಂದಿಟ್ಟರು: ನೀರಿನಲ್ಲಿನ ಗಾತ್ರವನ್ನು ಸೀಮೆಎಣ್ಣೆಯಲ್ಲಿನ ಗಾತ್ರದಿಂದ ಭಾಗಿಸಿದರೆ ಸಾಕು. ಅನುಪಾತ 1ರೊಳಗಿದ್ದರೆ ಉಬ್ಬದ, ಕೆಯೋಲಿನೈಟ್ ಬಗೆಯ ಮಣ್ಣು, 1ರಿಂದ 1.5ರವರೆಗೆ ಉಬ್ಬುವ, ಉಬ್ಬದ ಜೇಡಿಗಳ ಮಿಶ್ರಣ, 1.5ರಿಂದ 2 ಮಧ್ಯಮ. 2ರಿಂದ 4 ಹೆಚ್ಚು. 4ರ ಮೇಲೆ ಅತಿ ಹೆಚ್ಚು.

ಚುರುಕಾದ ವಿದ್ಯಾರ್ಥಿ ಇಲ್ಲಿ ಕೈಯೆತ್ತಬೇಕು: ‘ಸಾರ್, ಗಣಿತದಲ್ಲಿ ಎರಡೂ ಒಂದೇ ಅಲ್ಲವೆ?’ ಹೌದು. ಸೂಚ್ಯಂಕವನ್ನು 100ರಿಂದ ಭಾಗಿಸಿ 1 ಕೂಡಿಸಿದರೆ ಅನುಪಾತ ಬರುತ್ತದೆ. ಸೂಚ್ಯಂಕ 50 ಎಂದರೆ ಅನುಪಾತ 1.5. ಹಾಗಾದರೆ ಲಾಭವೇನು? ಲಾಭ ಓದುವ ರೀತಿಯಲ್ಲಿದೆ. ಸೂಚ್ಯಂಕದಲ್ಲಿ ಋಣ ಅಂಕಿ ಅಸಂಬದ್ಧವಾಗಿ ಕಾಣುತ್ತದೆ, ಅನುಪಾತದಲ್ಲಿ 0.92 ಎಂಬುದು ‘ಇದು ಕೆಯೋಲಿನೈಟ್ ಮಣ್ಣು’ ಎಂಬ ಮಾಹಿತಿ. ಐವತ್ತರ ಕೆಳಗಿನದನ್ನೆಲ್ಲ ಸೂಚ್ಯಂಕ ಒಂದೇ ಬುಟ್ಟಿಗೆ ಹಾಕುತ್ತದೆ. ಅನುಪಾತ ಆ ಬುಟ್ಟಿಯನ್ನು ಎರಡಾಗಿ ಬಿಡಿಸಿ, ಮಿಶ್ರ ಮಣ್ಣನ್ನು ಬೇರೆಯಾಗಿ ಹೆಸರಿಸುತ್ತದೆ.

ಆದರೂ ಒಂದು ತೊಡಕು ಉಳಿಯುತ್ತದೆ, ಮತ್ತು ನಮ್ಮ ಸೀಮೆಗೆ ಅದು ಬಹಳ ಮುಖ್ಯ. ಇಳಿಜಾರಿನ ಮಧ್ಯದ ಮಿಶ್ರ ಮಣ್ಣು ನೀರಿನಲ್ಲಿ 18 ಮಿ.ಲೀ. ಹಿಡಿಯಿತು ಎನ್ನಿ. ಅದರಲ್ಲಿನ ಕೆಯೋಲಿನೈಟಿನಿಂದಾಗಿ ಸೀಮೆಎಣ್ಣೆಯಲ್ಲಿ 14 ಮಿ.ಲೀ. ಇದ್ದರೆ ಸೂಚ್ಯಂಕ 29, ಪಾಸು. ಸೀಮೆಎಣ್ಣೆಯಲ್ಲಿ 11 ಇದ್ದಿದ್ದರೆ ಅದೇ 18 ಮಿ.ಲೀ.ಗೆ ಸೂಚ್ಯಂಕ 64, ಫೇಲು. ನೀರಿನಲ್ಲಿ ಮಣ್ಣು ನಡೆದುಕೊಂಡದ್ದು ಎರಡೂ ಸಲ ಒಂದೇ ರೀತಿ. ತೀರ್ಪು ಮಾತ್ರ ಬೇರೆ. ಮನೆಯಡಿಗೆ ನುಗ್ಗುವುದು ನೀರು, ಸೀಮೆಎಣ್ಣೆಯಲ್ಲ. ಆದ್ದರಿಂದ ಸೂಚ್ಯಂಕದ ಜೊತೆಗೆ ಎರಡೂ ಕೊಳವೆಗಳ ಮೂಲ ಅಂಕಿಗಳನ್ನು ಬಿಡದೆ ಬರೆದಿಡಿ. ಅನುಪಾತ 1ಕ್ಕೂ 1.5ಕ್ಕೂ ನಡುವೆ ಬಂದ ಮಣ್ಣನ್ನು ‘ಪಾಸಾಯಿತು’ ಎಂದು ಬಿಡದೆ, ದ್ರವ ಮಿತಿ ಮತ್ತು ಸುನಮ್ಯ ಮಿತಿಗಳ ಪರೀಕ್ಷೆಗೆ ಕಳಿಸಿ.

ಒಳ್ಳೆಯ ಮಣ್ಣೂ ದಮ್ಮಸು ಇಲ್ಲದೆ ಕೆಟ್ಟದ್ದೇ

1933ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ನೀರು ಸರಬರಾಜು ಸಂಸ್ಥೆಯ ಎಂಜಿನಿಯರ್ ಆರ್. ಆರ್. ಪ್ರಾಕ್ಟರ್ ಒಂದು ಸರಳ ಸತ್ಯವನ್ನು ಪ್ರಕಟಿಸಿದರು. ಒಂದೇ ಮಣ್ಣನ್ನು ಒಂದೇ ಬಲದಿಂದ ಕುಟ್ಟಿದಾಗ, ನೀರು ಹೆಚ್ಚಿಸುತ್ತ ಹೋದಂತೆ ಒಣಸಾಂದ್ರತೆ ಮೊದಲು ಏರುತ್ತದೆ, ಒಂದು ತುದಿ ಮುಟ್ಟಿ ಬಳಿಕ ಇಳಿಯುತ್ತದೆ. ಆ ತುದಿಯ ತೇವಾಂಶವೇ ಯುಕ್ತತಮ ತೇವಾಂಶ. ಐ.ಎಸ್. 2720ರ 7ನೆಯ ಭಾಗದ ಹಗುರ ದಮ್ಮಸಿನಲ್ಲಿ 1000 ಘನ ಸೆಂ.ಮೀ. ಅಚ್ಚಿನೊಳಗೆ ಮೂರು ಪದರ, ಪದರಕ್ಕೆ 25 ಪೆಟ್ಟು, 2.6 ಕಿಲೋಗ್ರಾಂ ಗುಂಡು, 310 ಮಿ.ಮೀ. ಎತ್ತರದಿಂದ. ತರಗತಿಯಲ್ಲಿ ಗಟ್ಟಿ ಪಾತ್ರೆ, ಮರದ ಒನಕೆ, ತಕ್ಕಡಿ ಇದ್ದರೆ ಇದರ ಸ್ಥೂಲ ರೂಪವನ್ನು ಮಾಡಿ ಆಲೇಖ ಬರೆಯಬಹುದು. ಗುಡ್ಡದಂಥ ಆ ವಕ್ರರೇಖೆ ತಾವೇ ಬರೆದ ಕಾಗದದ ಮೇಲೆ ಮೂಡಿದಾಗ ಮಕ್ಕಳಿಗೆ ಆಗುವ ಬೆರಗು ಬೇರೆಯೇ.

ದಮ್ಮಸು ತಪ್ಪಿದರೆ ಆಗುವ ನಷ್ಟವನ್ನು ಲೆಕ್ಕ ಹಾಕಿ. 60 ಸೆಂ.ಮೀ. ಭರ್ತಿಯನ್ನು ಪ್ರತಿ ಘನ ಸೆಂ.ಮೀ.ಗೆ 1.55 ಗ್ರಾಂ ಒಣಸಾಂದ್ರತೆಯಲ್ಲಿ ಬಿಟ್ಟು, ಅದು ನೆನೆದು ಮುಂದೆ 1.65ಕ್ಕೆ ಅಡಕವಾಯಿತು ಎನ್ನಿ. ಮಣ್ಣಿನ ರಾಶಿ ಬದಲಾಗದು. ಎತ್ತರ 60ರಿಂದ 56.4 ಸೆಂ.ಮೀ.ಗೆ ಇಳಿಯುತ್ತದೆ. ನೆಲದಡಿ ಮೂರೂವರೆ ಸೆಂಟಿಮೀಟರಿಗಿಂತ ಹೆಚ್ಚಿನ ಟೊಳ್ಳು! ತುಂಬಿದ ಪದರವನ್ನು ಪರೀಕ್ಷಿಸಲು 1000 ಘನ ಸೆಂ.ಮೀ.ನ ಉಕ್ಕಿನ ಕೊಳವೆಯನ್ನು ಮಣ್ಣಿಗಿಳಿಸಿ ತೆಗೆದು ತೂಗುತ್ತಾರೆ. ಹಸಿ ಮಣ್ಣು 1960 ಗ್ರಾಂ, ತೇವಾಂಶ ಶೇಕಡ 12 ಇದ್ದರೆ 1960ನ್ನು 1.12ರಿಂದ ಭಾಗಿಸಿ; ಒಣಸಾಂದ್ರತೆ 1.75. ಇಷ್ಟೇ ಲೆಕ್ಕ. ಹರಳುಕಲ್ಲು ಹೆಚ್ಚಿರುವ ಗೊಚ್ಚು ಮಣ್ಣಿನಲ್ಲಿ ಕೊಳವೆ ಇಳಿಯುವುದಿಲ್ಲ. ಅಲ್ಲಿ ಗುಂಡಿ ತೋಡಿ, ಅದನ್ನು ತುಂಬಲು ಹಿಡಿದ ಮರಳಿನಿಂದ ಗಾತ್ರ ಕಂಡುಹಿಡಿಯುವ ವಿಧಾನವಿದೆ.

ನಿವೇಶನವೇ ಎರೆಮಣ್ಣಿನದಾದರೆ ಇನ್ನೊಂದು ಎಚ್ಚರಿಕೆ ಬೇಕು. ಮರಳು ತುಂಬಿದರೆ ಕ್ಷೇಮ ಎಂಬ ನಂಬಿಕೆಯಿದೆ. ಮರಳು ಉಬ್ಬುವುದಿಲ್ಲ, ನಿಜ. ಆದರೆ ನೀರನ್ನು ಸರಾಗವಾಗಿ ಕೆಳಗಿನ ಎರೆಗೆ ಇಳಿಸಿಬಿಡುತ್ತದೆ. ಮುಂಬಯಿಯ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರ ಸಂಶೋಧನೆ, ಉಬ್ಬದ ಆದರೆ ಅಂಟುಗುಣವಿರುವ ಮಣ್ಣಿನ ಪದರವನ್ನು ಎರೆಯ ಮೇಲೆ ಹಾಸಿ ದಮ್ಮಸು ಮಾಡಿದರೆ ಉಬ್ಬರ ಬಹಳ ಕಡಿಮೆಯಾಗುತ್ತದೆಂದು ತೋರಿಸಿತು. ನಮ್ಮ ರಾಜ್ಯದ ಮಲಪ್ರಭಾ ನಾಲೆಯಲ್ಲಿ ಈ ವಿಧಾನವನ್ನು ಬಳಸಿದ್ದಾರೆ. ಇಲ್ಲಿ ಕೆಂಪು ಮಣ್ಣು ಗೆಲ್ಲುವುದು ಬಣ್ಣದಿಂದಲ್ಲ. ಉಬ್ಬದೆ ಅಂಟುವ ಅದರ ಜೇಡಿಯಿಂದ.

ಶುದ್ಧ ಎಂದರೆ ಏನು?

ಮಣ್ಣು ಉಬ್ಬದಿದ್ದರೆ ಸಾಲದು, ಶುದ್ಧವಾಗಿಯೂ ಇರಬೇಕು. ಬೇರು, ಹುಲ್ಲು, ಮರದ ಚೂರು ಕೊಳೆತರೆ ಟೊಳ್ಳು ಬೀಳುತ್ತದೆ, ಗೆದ್ದಲಿಗೂ ಆಹಾರ. ಕೆಡವಿದ ಮನೆಯ ಅವಶೇಷದಲ್ಲಿ ಜಿಪ್ಸಮ್ ಇದ್ದರೆ ಸಲ್ಫೇಟ್ ಕರಗಿ ಕಾಂಕ್ರೀಟಿಗೆ ತಗುಲಬಹುದು. ಮಣ್ಣು ನೆನೆಸಿ ಸೋಸಿದ ನೀರಿಗೆ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ, ಬಳಿಕ ಬೇರಿಯಂ ಕ್ಲೋರೈಡ್ ದ್ರಾವಣ ಸೇರಿಸಿ. ಬಿಳಿ ಒತ್ತರ ಕಂಡರೆ ಸಲ್ಫೇಟ್ ಇದೆ. ಬೇರಿಯಂ ಲವಣ ವಿಷ. ಇದನ್ನು ಉಪಾಧ್ಯಾಯರೇ ಮಾಡಲಿ. ಆದರೆ ಗ್ಯಾರೇಜಿನ ಎಣ್ಣೆ, ಹಳೆ ಬ್ಯಾಟರಿಯ ಸೀಸ, ಬಣ್ಣಗಾರಿಕೆಯ ರಾಸಾಯನಿಕಗಳನ್ನು ಶಾಲೆಯ ಪರೀಕ್ಷೆ ಹಿಡಿಯಲಾರದು. ಅಲ್ಲಿ ಉಳಿಯುವುದು ಒಂದೇ ಪ್ರಶ್ನೆ: ‘ಈ ಮಣ್ಣು ಎಲ್ಲಿಂದ ಬಂತು?’ ಉತ್ತರ ಕೊಡಲಾಗದ ಮಣ್ಣನ್ನು ಇಳಿಸಿಕೊಳ್ಳಬೇಡಿ.

ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಕೆರೆಯ ಗೋಡು ಹೊಲಕ್ಕೆ ಚಿನ್ನ. ಅದರ ನುಣುಪು ಜೇಡಿಯೂ ಸಾವಯವ ಅಂಶವೂ ಬೆಳೆಗೆ ಬೇಕು, ಮನೆಯಡಿಗೆ ಬೇಡ. ಅದನ್ನು ತಳಪಾಯಕ್ಕೆ ತುಂಬಿದರೆ ಹೊಲಕ್ಕೂ ನಷ್ಟ, ಮನೆಗೂ ನಷ್ಟ. ಹಿಪ್ಪುನೇರಳೆ ತೋಟದ ಮೇಲ್ಮಣ್ಣಿಗೂ ಇದೇ ಮಾತು. ಹನೂರು, ಯಳಂದೂರಿನ ಕಾಡಂಚಿನ ಗುಡ್ಡವನ್ನು ಅಗೆಯುವುದಂತೂ ಕಾಡಿಗೇ ಕೈಹಾಕಿದಂತೆ. ಭರ್ತಿಗೆ ಬಳಸುವ ಸಾಮಾನ್ಯ ಮಣ್ಣನ್ನು ಕೇಂದ್ರ ಸರ್ಕಾರ 2000ದ ಫೆಬ್ರುವರಿಯಲ್ಲಿಯೇ ಉಪಖನಿಜವೆಂದು ಘೋಷಿಸಿದೆ. ರಸ್ತೆ, ಕೊಳವೆಮಾರ್ಗಗಳಂಥ ಕಾಮಗಾರಿಗೆ ಮಣ್ಣು ತೆಗೆಯಲು ಪರಿಸರ ಅನುಮತಿಯಿಂದ 2020ರಲ್ಲಿ ಕೊಟ್ಟಿದ್ದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಮಣ್ಣು ಬಿಟ್ಟಿ ಸರಕಲ್ಲ.

ಉಪಾಧ್ಯಾಯರಿಗೆ ಒಂದು ಕೆಲಸ

ನಮ್ಮ ಪಾಠಗಳಲ್ಲಿ ಮಣ್ಣು ಬರುವುದು ಹೆಚ್ಚಾಗಿ ಬೆಳೆಯ ಲೆಕ್ಕದಲ್ಲಿ. ‘ಕಪ್ಪು ಮಣ್ಣು ಹತ್ತಿಗೆ ಒಳ್ಳೆಯದು’ ಎಂದು ಕಂಠಪಾಠ ಮಾಡಿದ ಹುಡುಗ, ಅದೇ ಗುಣ ತನ್ನ ಮನೆಯ ನೆಲವನ್ನು ಎತ್ತುತ್ತಿದೆ ಎಂದು ಅರಿಯದೆ ಬೆಳೆಯುತ್ತಾನೆ. ಮಕ್ಕಳಿಂದ ಊರಿನ ಸುತ್ತಲಿನ ಎತ್ತರ, ಇಳಿಜಾರು, ತಗ್ಗುಗಳ ಮೂರು ಮಾದರಿಗಳನ್ನು ತರಿಸಿ, ಮೇಲಿನ ಮೂರು ಪರೀಕ್ಷೆಗಳನ್ನು ಮಾಡಿಸಿ, ಬಣ್ಣವನ್ನೂ ಫಲಿತಾಂಶವನ್ನೂ ಅಕ್ಕಪಕ್ಕ ಬರೆಸಿ. ಬಣ್ಣ ಎಷ್ಟು ಸಲ ಸರಿ ಹೇಳಿತು, ಎಷ್ಟು ಸಲ ತಪ್ಪಿತು ಎಂದು ಅವರೇ ಎಣಿಸಲಿ.

ಒಂದು ಮಿತಿಯನ್ನು ಅವರಿಗೆ ಸ್ಪಷ್ಟವಾಗಿ ಹೇಳಿ: ಶಾಲೆಯ ಪರೀಕ್ಷೆ ಮಣ್ಣನ್ನು ತಿರಸ್ಕರಿಸಲು ಸಾಕು, ಅಂಗೀಕರಿಸಲು ಸಾಲದು. ಅಂಗೀಕಾರಕ್ಕೆ ಎಂಜಿನಿಯರಿಂಗ್ ಪ್ರಯೋಗಶಾಲೆಯ ವರದಿ ಬೇಕು. ಆದರೆ ಕೆಟ್ಟ ಮಣ್ಣನ್ನು ಟ್ರ್ಯಾಕ್ಟರಿನಿಂದ ಇಳಿಯುವ ಮೊದಲೇ ತಡೆಯುವುದು ಸಣ್ಣ ಸಾಧನೆಯಲ್ಲ.

ಕೊನೆಯದಾಗಿ, ಅಂದಾಜುಪಟ್ಟಿಯ ಆ ಸಾಲನ್ನು ಹೀಗೆ ಬದಲಾಯಿಸಿ ನೋಡಿ: ‘ಎಲ್ಲಿಂದ ತಂದದ್ದೆಂದು ದಾಖಲಿಸಿದ, ಬೇರು ಕಸ ಅವಶೇಷಗಳಿಲ್ಲದ, ಮುಕ್ತ ಉಬ್ಬು ಸೂಚ್ಯಂಕ 50 ಮೀರದ ಮಣ್ಣನ್ನು 20 ಸೆಂ.ಮೀ. ಮೀರದ ಪದರಗಳಲ್ಲಿ, ಯುಕ್ತತಮ ತೇವಾಂಶದ ಹತ್ತಿರ, ಪ್ರಯೋಗಶಾಲೆಯ ಗರಿಷ್ಠ ಒಣಸಾಂದ್ರತೆಯ ಶೇಕಡ 95ಕ್ಕೆ ಕಡಿಮೆಯಾಗದಂತೆ ದಮ್ಮಸು ಮಾಡಿ ತುಂಬುವುದು. ಅನುಪಾತ 1ಕ್ಕೂ 1.5ಕ್ಕೂ ನಡುವೆ ಇದ್ದರೆ ದ್ರವ, ಸುನಮ್ಯ ಮಿತಿಗಳ ವರದಿ ಪಡೆಯುವುದು.’ ಸಾಲು ಉದ್ದವಾಯಿತು, ನಿಜ. ಆದರೆ ಇದರಲ್ಲಿರುವ ಒಂದೊಂದು ಮಾತನ್ನೂ ಅಳೆದು ನೋಡಬಹುದು. ‘ಒಳ್ಳೆಯ’ ಎಂಬುದನ್ನು ಅಳೆಯಲಾಗದು.